ಬಿಷಪ್ ಆಕ್ಲೆಂಡಿನ ಹವ್ಯಾಸಿಗಳು

ನಮ್ಮಲ್ಲಿ ‘ಹವ್ಯಾಸಿ’ ಎಂಬ ಮಾತು ನಾಟಕದವರಿಗೆ ಮೀಸಲಾದಂತಿದೆ. ಟೆಂಟು ಹಾಕಿ, ಟಿಕೇಟು ಮಾರಿ, ಊರಿಂದೂರಿಗೆ ಅಲೆದು ಹೊಟ್ಟೆ ಹೊರೆದವರು ವೃತ್ತಿ ಕಂಪನಿಯವರು. ಹಗಲು ಕಚೇರಿಯಲ್ಲೋ ಕಾಲೇಜಿನಲ್ಲೋ ದುಡಿದು ಸಂಜೆ ಮುಖಕ್ಕೆ ಬಣ್ಣ ಹಚ್ಚಿದವರು ಹವ್ಯಾಸಿಗಳು. ಬೆಂಗಳೂರಿನ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ನಿನ ಕಾಲದಿಂದ ಈ ಭೇದ ನಮಗೆ ಪರಿಚಿತವಾದುದೇ. ಆದರೆ ಇದರಲ್ಲಿ ಬರಿಯ ಹಣದ ಲೆಕ್ಕವಲ್ಲದೆ ಅಂತಸ್ತಿನ ಲೆಕ್ಕವೂ ಒಂದಿಷ್ಟು ಅಡಗಿದೆ ಎಂಬುದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಇದೇ ಮಾತು ಕಾಲ್ಚೆಂಡಾಟದ ಬಯಲಿಗೆ ಇಳಿದು, ೧೮೮೫ರಿಂದ ೧೯೭೪ರವರೆಗೆ ಒಂದು ಶಾಸನವೇ ಆಗಿ ನಡೆಯಿತು. ಹಣ ಪಡೆದು ಆಡುವವನು ಒಂದು ಕುಲ, ಪಡೆಯದೆ ಆಡುವವನು ಇನ್ನೊಂದು ಕುಲ. ನಡುವೆ ಗೋಡೆ.

ಆ ಗೋಡೆಯ ಕಥೆಯನ್ನು ಒಂದೇ ಊರಿನ ಒಂದೇ ಸಂಘದ ಬಾಳಿನಲ್ಲಿ ಕಾಣಬೇಕಾದರೆ ಬಿಷಪ್ ಆಕ್ಲೆಂಡಿಗೆ ಹೋಗಬೇಕು. ಇಂಗ್ಲೆಂಡಿನ ಈಶಾನ್ಯದಲ್ಲಿ ಡರ್ಹಂ ಜಿಲ್ಲೆಗೆ ಸೇರಿದ, ನಮ್ಮ ಒಂದು ತಾಲೂಕು ಕೇಂದ್ರಕ್ಕೆ ಹೋಲಿಸಬಹುದಾದ ಊರು ಅದು. ಹವ್ಯಾಸಿ ತಂಡಗಳಿಗೆಂದೇ ಏರ್ಪಟ್ಟಿದ್ದ ಎಫ್. ಎ. ಅಮೆಚೂರ್ ಕಪ್ಪನ್ನು ಈ ಊರಿನ ಸಂಘ ೧೦ ಸಲ ಗೆದ್ದಿತು. ಇನ್ನೂ ೮ ಸಲ ಅಂತಿಮ ಪಂದ್ಯದವರೆಗೆ ಬಂದು ಸೋತಿತು. ಎರಡನೆಯ ಸ್ಥಾನಕ್ಕೆ ನಿಲ್ಲುವ ತಂಡಗಳು ಗೆದ್ದದ್ದು ಐದೈದು ಸಲ ಮಾತ್ರ. ಲಂಡನ್ನಿಗೆ ಸಿಗದ, ಮ್ಯಾಂಚೆಸ್ಟರಿಗೆ ಸಿಗದ ಈ ಕೀರ್ತಿ ಒಂದು ಸಂತೆಯೂರಿಗೆ ಏಕೆ ಸಿಕ್ಕಿತು?

ಊರಿನ ಹೆಸರಿನಲ್ಲಿಯೇ ಬಿಷಪ್ಪನಿದ್ದಾನೆ. ಡರ್ಹಮ್ಮಿನ ಬಿಷಪ್ಪರು ಮಧ್ಯಯುಗದಲ್ಲಿ ಬರಿಯ ಧರ್ಮಗುರುಗಳಾಗಿರಲಿಲ್ಲ. ಅವರಿಗೆ ಸೈನ್ಯವಿತ್ತು, ನ್ಯಾಯಸ್ಥಾನವಿತ್ತು, ನಾಣ್ಯ ಅಚ್ಚು ಹಾಕುವ ಟಂಕಸಾಲೆಯಿತ್ತು. ಮಠಾಧಿಪತಿ, ಪಾಳೆಯಗಾರ ಇಬ್ಬರೂ ಒಬ್ಬನೇ ಆದಂತೆ. ಈ ರಾಜಾಧಿಕಾರದ ಕೊನೆಯ ಅಂಶವೂ ೧೮೩೬ರಲ್ಲಿ ಹೋಯಿತು. ಆದರೆ ವಿಯರ್ ನದಿಯ ದಂಡೆಯ ದಿಬ್ಬದ ಮೇಲೆ ಅವರ ಅರಮನೆಯಾದ ಆಕ್ಲೆಂಡ್ ಕ್ಯಾಸಲ್ ಉಳಿಯಿತು. ಅರಮನೆಯ ಸುತ್ತಣ ನೆಲದಡಿಯಲ್ಲಿದ್ದದ್ದು ಕಲ್ಲಿದ್ದಲು. ೧೮೨೫ರಲ್ಲಿ ಸ್ಟಾಕ್‌ಟನ್-ಡಾರ್ಲಿಂಗ್ಟನ್ ರೈಲುಮಾರ್ಗದ ಮೊದಲ ಉಗಿಬಂಡಿ ಹೊರಟದ್ದು ಇಲ್ಲಿಂದ ಎರಡು ಮೂರು ಮೈಲಿ ದೂರದ ಶಿಲ್ಡನ್ನಿನಿಂದ. ಆ ಮಾರ್ಗ ಹುಟ್ಟಿದ್ದೇ ಈ ಕಲ್ಲಿದ್ದಲನ್ನು ಸಾಗಿಸುವುದಕ್ಕಾಗಿ. ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ಊರಿನ ಸುತ್ತ ಗಣಿಯ ಬಾಯಿಗಳು, ಕೋಕ್ ಸುಡುವ ಒಲೆಗಳು, ಸಾಲುಮನೆಗಳು. ಶನಿವಾರ ಮಧ್ಯಾಹ್ನ ಕೂಲಿ ಪಡೆದ ಗಣಿಯವರು ಪೇಟೆಗೆ ಬಂದರೆ ಅವರನ್ನು ನಗಿಸಲು ನಾಟಕಶಾಲೆಯೂ ಇತ್ತು. ಅದನ್ನು ನಡೆಸುತ್ತಿದ್ದ ಜೆಫರ್ಸನ್ ಎಂಬಾತನ ಮಗ ಇದೇ ಊರಿನ ಶಾಲೆಯಲ್ಲಿ ಕೆಲಕಾಲ ಓದಿ, ಮುಂದೆ ಸ್ಟ್ಯಾನ್ ಲಾರೆಲ್ ಎಂಬ ಹೆಸರಿನಿಂದ ಹಾರ್ಡಿಯೊಡನೆ ಸೇರಿ ಜಗತ್ತನ್ನೇ ನಗಿಸಿದ.

ಈ ಊರಿಗೆ ಕಾಲ್ಚೆಂಡನ್ನು ತಂದವರು ಗಣಿಯವರಲ್ಲ, ಪಾದ್ರಿಗಳಾಗಲು ಓದುತ್ತಿದ್ದ ತರುಣರು. ೧೮೭೯ರಲ್ಲಿ ಬಿಷಪ್ಪರಾಗಿ ಬಂದ ಲೈಟ್‌ಫುಟ್ ಮಹಾವಿದ್ವಾಂಸರು. ಅವರು ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಪದವೀಧರರನ್ನು ತಮ್ಮ ಅರಮನೆಯಲ್ಲಿಯೇ ಇಟ್ಟುಕೊಂಡು, ಹಳೆಯ ಗುರುಕುಲದ ರೀತಿಯಲ್ಲಿ, ದೇವತಾಶಾಸ್ತ್ರವನ್ನು ಕಲಿಸಿ ಗಣಿಹಳ್ಳಿಗಳ ಇಗರ್ಜಿಗಳಿಗೆ ಕಳುಹುತ್ತಿದ್ದರು. ಬೆಳಿಗ್ಗೆ ಗ್ರೀಕು ಬೈಬಲ್ಲು, ಮಧ್ಯಾಹ್ನ ಚೆಂಡು. ೧೮೮೨ರ ಸುಮಾರಿಗೆ ಚರ್ಚ್ ಇನ್ಸ್‌ಟಿಟ್ಯೂಟಿನ ಹೆಸರಿನಲ್ಲಿ ಒಂದು ತಂಡ ಕಟ್ಟಿತು. ನಾಲ್ಕು ವರ್ಷದಲ್ಲಿ ಅದರೊಳಗೆ ಜಗಳ ತಲೆದೋರಿ, ೧೮೮೬ರಲ್ಲಿ ಊರಿನವರು ಬೇರೆಯಾಗಿ ತಮ್ಮದೇ ಸಂಘವನ್ನು ಸ್ಥಾಪಿಸಿಕೊಂಡರು. ನಮ್ಮ ಊರುಗಳ ಸಂಘ ಸಂಸ್ಥೆಗಳ ಚರಿತ್ರೆ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಇಂದಿನ ಸಂಘ ತನ್ನ ಹುಟ್ಟನ್ನು ಎಣಿಸಿಕೊಳ್ಳುವುದು ಆ ೧೮೮೬ರಿಂದ. ೧೮೮೯ರಲ್ಲಿ ನಾರ್ದರ್ನ್ ಲೀಗ್ ಹುಟ್ಟಿದಾಗ ಆಕ್ಲೆಂಡ್ ಟೌನ್ ಎಂಬ ಹೆಸರಿನಿಂದ ಅದು ಸ್ಥಾಪಕ ಸದಸ್ಯರಲ್ಲಿ ಒಂದಾಗಿತ್ತು. ಜಗತ್ತಿನಲ್ಲಿ ಇಂದಿಗೂ ನಡೆಯುತ್ತಿರುವ ಲೀಗುಗಳಲ್ಲಿ ಹಳಮೆಯಲ್ಲಿ ಎರಡನೆಯದು ಇದು.

ಊರಿನವರು ಪಾದ್ರಿಗಳಿಂದ ಬೇರೆಯಾದರೂ ಅವರ ಬಣ್ಣವನ್ನು ಬಿಡಲಿಲ್ಲ. ಕೇಂಬ್ರಿಡ್ಜಿನ ತಿಳಿನೀಲಿ, ಆಕ್ಸ್‌ಫರ್ಡಿನ ಕಡುನೀಲಿ ಎರಡನ್ನೂ ಕೂಡಿಸಿದ ಅಂಗಿಯೇ ಸಂಘದ ಸಮವಸ್ತ್ರವಾಯಿತು. ಎಂದೂ ವಿಶ್ವವಿದ್ಯಾನಿಲಯದ ಹೊಸಿಲು ಮೆಟ್ಟದವರು, ಉಗುರಿನ ಸಂದಿಯಲ್ಲಿ ಕಲ್ಲಿದ್ದಲ ಪುಡಿ ಉಳಿದವರು ಈ ಎರಡು ನೀಲಿಗಳನ್ನು ತೊಟ್ಟು ಆಡತೊಡಗಿದರು. ಈ ಅಂಗಿಯನ್ನು ಓದುಗರು ನೆನಪಿನಲ್ಲಿಡಬೇಕು. ಅರವತ್ತೈದು ವರ್ಷಗಳ ತರುವಾಯ ಇದು ಮತ್ತೆ ಬರುತ್ತದೆ.

ಲೈಟ್‌ಫುಟ್ಟರ ಬಳಿಕ ಬಂದ ಬಿಷಪ್ ವೆಸ್ಟ್‌ಕಾಟ್ಟರ ಕಾಲದಲ್ಲಿ, ೧೮೯೨ರಲ್ಲಿ, ಡರ್ಹಮ್ಮಿನ ಗಣಿಕಾರ್ಮಿಕರ ಮಹಾಮುಷ್ಕರ ನಡೆಯಿತು. ಸುಮಾರು ಮೂರು ತಿಂಗಳು ಒಲೆ ಹೊತ್ತದೆ ಬಳಲಿದ ಮೇಲೆ ಬಿಷಪ್ಪರು ಮಾಲೀಕರನ್ನೂ ಕಾರ್ಮಿಕರನ್ನೂ ತಮ್ಮ ಅರಮನೆಗೆ ಕರೆಸಿ ಒಪ್ಪಂದ ಮಾಡಿಸಿದರು. ಕೂಲಿಯಲ್ಲಿ ಕಡಿತವನ್ನು ಒಪ್ಪಿಕೊಂಡೇ ಕಾರ್ಮಿಕರು ಗಣಿಗೆ ಇಳಿಯಬೇಕಾಯಿತು. (ಈ ವೆಸ್ಟ್‌ಕಾಟ್ಟರ ಮಗ ಫಾಸ್ ವೆಸ್ಟ್‌ಕಾಟ್ ಮುಂದೆ ಕಲ್ಕತ್ತೆಯ ಬಿಷಪ್ಪರಾಗಿ ೧೯೪೫ರವರೆಗೂ ನಮ್ಮ ದೇಶದಲ್ಲಿದ್ದರು.) ಮುಷ್ಕರದ ಹಸಿವನ್ನು ಕಂಡ ಇಂಥ ಜನ ‘ಹಣ ಮುಟ್ಟದೆ ಆಡುತ್ತೇವೆ’ ಎಂದು ಹೇಳಿಕೊಂಡರೆ ಅದಕ್ಕೇನು ಅರ್ಥ?

ಇಂಗ್ಲಿಷಿನ ‘ಅಮೆಚೂರ್’ ಎಂಬ ಮಾತಿನ ಮೂಲ ಲ್ಯಾಟಿನ್ನಿನದು. ‘ಪ್ರೀತಿಸುವವನು’ ಎಂದು ಅದರ ಅರ್ಥ. ಅರ್ಥವೇನೋ ಸೊಗಸು. ಆದರೆ ಅದನ್ನು ಕಾಯಿದೆ ಮಾಡಿದವರು ಖಾಸಗಿ ಶಾಲೆಗಳಲ್ಲಿ ಓದಿದ ಗೃಹಸ್ಥರು. ಲಂಕಾಷೈರಿನ ಗಿರಣಿಯೂರುಗಳ ತಂಡಗಳು ಹಣಕೊಟ್ಟು ಆಟಗಾರರನ್ನು ತರಿಸಿಕೊಂಡು ಗೆಲ್ಲತೊಡಗಿದಾಗ, ಅದನ್ನು ತಡೆಯಲಾರದೆ ಫುಟ್‌ಬಾಲ್ ಅಸೋಸಿಯೇಷನ್ ೧೮೮೫ರಲ್ಲಿ ವೃತ್ತಿ ಆಟಕ್ಕೆ ಒಪ್ಪಿಗೆ ಕೊಟ್ಟಿತು. ಆ ಬಳಿಕ ಗೃಹಸ್ಥರ ತಂಡಗಳಿಗೆ ದೊಡ್ಡ ಕಪ್ಪಿನಲ್ಲಿ ಗೆಲುವು ದೊರೆಯುವುದು ದುಸ್ತರವಾಯಿತು. ಅವರಿಗೊಂದು ಬೇರೆ ಪಂಕ್ತಿ ಹಾಕಿದಂತೆ ೧೮೯೩ರಲ್ಲಿ ಅಮೆಚೂರ್ ಕಪ್ಪು ಆರಂಭವಾಯಿತು. ಚಾರ್ಟರ್‌ಹೌಸ್ ಶಾಲೆಯ ಹಳೆಯ ವಿದ್ಯಾರ್ಥಿಗಳು ಮೊದಲ ವರ್ಷ ಅದನ್ನು ಗೆದ್ದು ಸಮಾಧಾನಪಟ್ಟರು. ಆ ಸಮಾಧಾನ ಬಹುಕಾಲ ನಿಲ್ಲಲಿಲ್ಲ. ಮೂರನೆಯ ವರ್ಷ, ೧೮೯೬ರಲ್ಲಿ, ಬಿಷಪ್ ಆಕ್ಲೆಂಡಿನವರು ಕಪ್ಪನ್ನು ಗೆದ್ದರು. ೧೯೦೦ರಲ್ಲಿ ಮತ್ತೆ, ಲೋಸ್ಟಾಫ್ಟ್ ತಂಡವನ್ನು ೫-೧ ಗೋಲುಗಳಿಂದ ಸೋಲಿಸಿ. ಪಂಕ್ತಿಯಲ್ಲಿ ಯಾರನ್ನು ನಿರೀಕ್ಷಿಸಿರಲಿಲ್ಲವೋ ಅವರೇ ಬಂದು ಎಲೆಯ ಮುಂದೆ ಕುಳಿತಿದ್ದರು. ೧೯೦೨ರಲ್ಲಿ ಮಾಲ್ವರ್ನ್ ಶಾಲೆಯ ಹಳೆಯ ವಿದ್ಯಾರ್ಥಿಗಳು ಇವರನ್ನು ಸೋಲಿಸಿದರೆಂಬುದೂ ನಿಜ. ಆದರೆ ಗೃಹಸ್ಥರ ತಂಡಗಳಲ್ಲಿ ಬಹುಭಾಗ ೧೯೦೭ರಲ್ಲಿ ಅಸೋಸಿಯೇಷನ್ನಿನಿಂದಲೇ ಮುನಿಸಿಕೊಂಡು ಹೊರಟು ತಮ್ಮದೇ ಬೇರೊಂದು ಮಂಡಲಿಯನ್ನು ಕಟ್ಟಿಕೊಂಡವು.

ಗಣಿಯವನು ಹವ್ಯಾಸಿಯಾಗಿ ಉಳಿದದ್ದು ಆದರ್ಶಕ್ಕಾಗಿ ಎಂದು ಹೇಳಿದರೆ ಕೇಳುವುದಕ್ಕೆ ಚೆನ್ನ, ಆದರೆ ನಿಜವಲ್ಲ. ಅಂದಿನ ವೃತ್ತಿ ಆಟಗಾರನ ಬಾಳು ಒಂದು ಮೊಣಕಾಲಿನ ಮೇಲೆ ನಿಂತಿತ್ತು. ಕಾಲು ಮುರಿದರೆ, ಇಲ್ಲವೆ ಒಡೆಯರಿಗೆ ಬೇಡವಾದರೆ, ಅವನು ಬೀದಿಯಲ್ಲಿ. ಅಷ್ಟೇ ಆದರೆ ಹೋಗಲಿ. ಒಮ್ಮೆ ಹಣ ಮುಟ್ಟಿದವನು ಜಾತಿ ಕೆಟ್ಟವನಂತೆ. ಹಿಂದಿರುಗಿ ತನ್ನ ಊರಿನ ಹವ್ಯಾಸಿ ತಂಡದಲ್ಲಿ ಆಡಬೇಕಾದರೆ ಅರ್ಜಿ ಹಾಕಿ, ಮೇಲಿನವರ ಒಪ್ಪಿಗೆಯಿಂದ ಶುದ್ಧಿಯಾಗಬೇಕು. ಇದರ ಬದಲು ಗಣಿಯಲ್ಲೋ ಉಕ್ಕಿನ ಕಾರ್ಖಾನೆಯಲ್ಲೋ ಶಾಲೆಯಲ್ಲೋ ಕೆಲಸ ಇಟ್ಟುಕೊಂಡು ಶನಿವಾರ ಆಡುವುದೇ ಲೇಸೆಂದು ಬುದ್ಧಿವಂತರು ಕಂಡುಕೊಂಡರು. ಪಂದ್ಯ ಮುಗಿದ ಮೇಲೆ ಕಳಚಿಟ್ಟ ಬೂಟಿನೊಳಗೆ ಯಾರೋ ಒಂದೆರಡು ನಾಣ್ಯಗಳನ್ನು ಹಾಕಿಟ್ಟಿದ್ದರೆ ಅದನ್ನು ಕುರಿತು ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ‘ಬೂಟಿನ ಹಣ’ ಎಂದೇ ಅದಕ್ಕೆ ಹೆಸರಾಯಿತು.

ಪ್ರಶ್ನೆ ಕೇಳಿದ ಒಂದು ಸಂದರ್ಭ ಮಾತ್ರ ಡರ್ಹಮ್ಮಿನವರಿಗೆ ಮರೆಯದು. ೧೯೨೮ರಲ್ಲಿ ಬಿಷಪ್ ಆಕ್ಲೆಂಡಿನ ನೆರೆಯ ಕ್ರೂಕ್ ಟೌನ್ ಸಂಘ ಆಟಗಾರರಿಗೆ ನ್ಯಾಯವಾದ ಖರ್ಚಿಗಿಂತ ಹೆಚ್ಚು ಕೊಟ್ಟಿತೆಂದು ಜಿಲ್ಲಾ ಅಸೋಸಿಯೇಷನ್ ಅದನ್ನು ಹೊರಗೆ ಹಾಕಿತು. ಕ್ರೂಕಿನವರು ಸುಮ್ಮನಿರಲಿಲ್ಲ. ‘ನಾವೊಬ್ಬರೇ ಅಲ್ಲ, ನೆರೆಯವರ ಲೆಕ್ಕದ ಪುಸ್ತಕಗಳನ್ನೂ ತೆರೆದು ನೋಡಿ’ ಎಂದು ದೂರು ಕೊಟ್ಟರು. ತೆರೆದು ನೋಡಿದರೆ ಮುನ್ನೂರಕ್ಕೂ ಹೆಚ್ಚು ಆಟಗಾರರು ತಪ್ಪಿತಸ್ಥರು! ಎಲ್ಲರನ್ನೂ ಒಮ್ಮೆಗೇ ಅಮಾನತ್ತಿನಲ್ಲಿಡಲಾಯಿತು. ಈ ನಾಣ್ಯಗಳಲ್ಲಿ ನನಗೆ ಅಪಮಾನವೇನೂ ಕಾಣುವುದಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ರೈಲು ಹತ್ತಿ ಆಡಲು ಹೋದವನಿಗೆ ಆ ಅರ್ಧ ದಿನದ ಕೂಲಿ ಕೊಡಬಾರದೆಂಬ ಕಟ್ಟಳೆಯನ್ನು, ಎಂದೂ ಕೂಲಿ ಮಾಡದವರಲ್ಲದೆ ಬೇರೆ ಯಾರು ಬರೆದಾರು?

ಅದೇ ಸುತ್ತಿನ ಇನ್ನೊಂದು ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಬಿಷಪ್ ಆಕ್ಲೆಂಡಿಗೆ ಮೂರು ಮೈಲಿ ದೂರದಲ್ಲಿ ವೆಸ್ಟ್ ಆಕ್ಲೆಂಡ್ ಎಂಬ ಹಳ್ಳಿಯಿದೆ. ಚಹದ ವ್ಯಾಪಾರಿ ಸರ್ ಥಾಮಸ್ ಲಿಪ್ಟನ್ನರು, ನಮ್ಮ ಅಡಿಗೆಮನೆಗಳಿಗೂ ಪರಿಚಿತರಾದ ಅದೇ ಲಿಪ್ಟನ್ನರು, ಇಟಲಿಯ ಟ್ಯುರಿನ್ ನಗರದಲ್ಲಿ ೧೯೦೯ರಲ್ಲಿ ನಾನಾ ದೇಶಗಳ ತಂಡಗಳಿಗಾಗಿ ಒಂದು ಕಪ್ಪಿನ ಸ್ಪರ್ಧೆ ಏರ್ಪಡಿಸಿದರು. ಇಂಗ್ಲೆಂಡಿನ ಪರವಾಗಿ ಹೋದದ್ದು ಈ ಹಳ್ಳಿಯ ಗಣಿಯವರ ತಂಡ. ಹೋದರು, ಗೆದ್ದರು. ೧೯೧೧ರಲ್ಲಿ ಮತ್ತೆ ಹೋಗಿ ಯುವೆಂಟಸ್ ತಂಡವನ್ನು ೬-೧ ಗೋಲುಗಳಿಂದ ಸೋಲಿಸಿ ಕಪ್ಪನ್ನು ತಮ್ಮದಾಗಿಸಿಕೊಂಡರು. ಪ್ರಯಾಣದ ಸಾಲ ಎಷ್ಟಾಗಿತ್ತೆಂದರೆ, ಹಿಂದಿರುಗಿದ ಮೇಲೆ ಅದೇ ಕಪ್ಪನ್ನು ಊರಿನ ಹೋಟೆಲಿನ ಒಡತಿಯ ಬಳಿ ನಲವತ್ತು ಪೌಂಡಿಗೆ ಅಡವಿಡಬೇಕಾಯಿತು. ಅದನ್ನು ಬಿಡಿಸಿಕೊಂಡದ್ದು ೧೯೬೦ರಲ್ಲಿ. ಕೊನೆಗೆ ೧೯೯೪ರಲ್ಲಿ ಯಾರೋ ಕದ್ದೊಯ್ದರು. ಇಂಥ ಹಳ್ಳಿಗಳ ನಡುವೆ ಬಿಷಪ್ ಆಕ್ಲೆಂಡ್ ದೊಡ್ಡ ಊರಾಗಿ ನಿಂತಿತ್ತು. ಹಳ್ಳಿಯ ಚೆನ್ನಾದ ಆಟಗಾರನಿಗೆ ಅದೊಂದು ಮೇಲಿನ ಮೆಟ್ಟಿಲಾಗಿತ್ತು.

೧೯೧೪, ೧೯೨೧, ೧೯೨೨, ೧೯೩೫, ೧೯೩೯, ಈ ವರ್ಷಗಳಲ್ಲಿ ಕಪ್ಪು ಮತ್ತೆ ಮತ್ತೆ ಕಿಂಗ್ಸ್‌ವೇ ಬಯಲಿಗೆ ಬಂದಿತು. ಮೂವತ್ತರ ದಶಕದಲ್ಲಿ ಡರ್ಹಮ್ಮಿನ ಗಣಿಗಳು ಮುಚ್ಚಿ, ಗಂಡಸರು ಕೆಲಸವಿಲ್ಲದೆ ಬೀದಿಯ ಮೂಲೆಗಳಲ್ಲಿ ನಿಂತಿದ್ದ ಕಾಲ ಅದು. ೧೯೩೯ರ ಅಂತಿಮ ಪಂದ್ಯದಲ್ಲಿ ಎದುರಾಳಿ ಅಲ್ಲಿಯೇ ಪಕ್ಕದ ವಿಲಿಂಗ್ಟನ್. ಬಿಷಪ್ ಆಕ್ಲೆಂಡ್, ಕ್ರೂಕ್, ವಿಲಿಂಗ್ಟನ್ ಮೂರನ್ನೂ ಒಬ್ಬ ಮನುಷ್ಯ ಒಂದು ಬೆಳಗಿನಲ್ಲಿ ನಡೆದು ಮುಗಿಸಬಹುದು. ಇಡೀ ದೇಶದ ಕಪ್ಪನ್ನು ಈ ಮೂರೂರಿನವರು ಓಣಿಯ ಜಗಳದಂತೆ ತಮ್ಮ ತಮ್ಮಲ್ಲೇ ಹಂಚಿಕೊಳ್ಳತೊಡಗಿದ್ದರು.

ಸಂಘದ ಮಹಾಯುಗ ಬಂದದ್ದು ಎರಡನೆಯ ಮಹಾಯುದ್ಧದ ತರುವಾಯ. ಆ ಯುಗಕ್ಕೆ ಒಬ್ಬ ಮನುಷ್ಯನ ಹೆಸರಿಡಬೇಕಾದರೆ ಅದು ಬಾಬ್ ಹಾರ್ಡಿಸ್ಟಿಯದು. ೧೯೨೧ರಲ್ಲಿ ಡರ್ಹಂ ಜಿಲ್ಲೆಯಲ್ಲಿಯೇ ಹುಟ್ಟಿದವನು. ಅಂಗಸಾಧನೆ ಕಲಿಸುವುದು ವೃತ್ತಿ. ತಲೆ ಬೇಗನೆ ಬೋಳಾದುದರಿಂದ ದೂರದಿಂದಲೇ ಗುರುತು ಸಿಗುತ್ತಿದ್ದವನು. ವೃತ್ತಿ ತಂಡಗಳು ಎಷ್ಟು ಕರೆದರೂ ಹೋಗಲಿಲ್ಲ. ೧೯೪೮, ೧೯೫೨, ೧೯೫೬ರ ಮೂರು ಒಲಿಂಪಿಕ್ ಕ್ರೀಡೆಗಳಿಗೂ ಬ್ರಿಟನ್ನಿನ ತಂಡದಲ್ಲಿ ಅವನಿದ್ದ. ಈ ೧೯೪೮ರ ಲಂಡನ್ ಒಲಿಂಪಿಕ್ಸ್ ನಮಗೂ ನೆನಪಿರಬೇಕಾದುದೇ. ಸ್ವತಂತ್ರ ಭಾರತದ ತಂಡ, ಬಹುಮಂದಿ ಬರಿಗಾಲಿನವರು, ಜುಲೈ ೩೧ರಂದು ಇಲ್ಫರ್ಡಿನಲ್ಲಿ ಫ್ರಾನ್ಸನ್ನು ಎದುರಿಸಿತು. ಒಂದು ಗೋಲಿನಿಂದ ಹಿಂದಿದ್ದಾಗ ಸಮ ಮಾಡಿದವರು ನಮ್ಮ ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಆಟ ಇನ್ನೇನು ಮುಗಿಯಿತೆನ್ನುವಾಗ ಫ್ರಾನ್ಸ್ ಗೆದ್ದಿತು. ಆ ಫ್ರಾನ್ಸನ್ನು ಮುಂದಿನ ಸುತ್ತಿನಲ್ಲಿ ೧-೦ ಗೋಲಿನಿಂದ ಸೋಲಿಸಿದ್ದು ಹಾರ್ಡಿಸ್ಟಿಯಿದ್ದ ಬ್ರಿಟನ್ ತಂಡ. ಆ ಪೆನಾಲ್ಟಿಗಳಲ್ಲಿ ಒಂದಾದರೂ ಬಲೆಗೆ ಬಿದ್ದಿದ್ದರೆ ಬಿಷಪ್ ಆಕ್ಲೆಂಡಿನ ಬೋಳುತಲೆಯವನಿಗೆ ರಾಮನ್ನರು ಎದುರಾಗುತ್ತಿದ್ದರೋ ಏನೋ! ಆ ಬ್ರಿಟನ್ ತಂಡವನ್ನು ಪಳಗಿಸಿದವರು ಮ್ಯಾಂಚೆಸ್ಟರ್ ಯುನೈಟೆಡ್ಡಿನ ಮ್ಯಾಟ್ ಬಸ್ಬಿ. ಹಾರ್ಡಿಸ್ಟಿಗೂ ಬಸ್ಬಿಗೂ ಆದ ಆ ಬೇಸಗೆಯ ಗೆಳೆತನ ಹತ್ತು ವರ್ಷದ ಬಳಿಕ ಒಂದು ದೊಡ್ಡ ದುಃಖದಲ್ಲಿ ಕೆಲಸಕ್ಕೆ ಬಂದಿತು.

ಅಮೆಚೂರ್ ಕಪ್ಪಿನ ಅಂತಿಮ ಪಂದ್ಯ ೧೯೪೯ರಿಂದ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನಡೆಯತೊಡಗಿತು. ಒಂದು ಲಕ್ಷ ಜನ ಹಿಡಿಸುವ ಮೈದಾನ ಅದು. ಹಣ ಪಡೆಯದವರ ಆಟವನ್ನು ನೋಡಲು ಒಂದು ಲಕ್ಷ ಜನ ಹಣ ಕೊಟ್ಟು ಬಂದರು! ೧೯೫೦ರಲ್ಲಿ ವಿಲಿಂಗ್ಟನ್ನಿನವರು ಹಳೆಯ ಸೇಡನ್ನು ತೀರಿಸಿಕೊಂಡು ಬಿಷಪ್ ಆಕ್ಲೆಂಡನ್ನು ಅಲ್ಲಿ ೪-೦ ಗೋಲುಗಳಿಂದ ಸೋಲಿಸಿದರು. ಮರುವರ್ಷದ ಎದುರಾಳಿ ಪೆಗಾಸಸ್.

ಆಕ್ಸ್‌ಫರ್ಡಿನ ರಸಾಯನಶಾಸ್ತ್ರಜ್ಞ ಹೆರಾಲ್ಡ್ ಥಾಮ್ಸನ್ನರು ೧೯೪೮ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡರ ವಿದ್ಯಾರ್ಥಿಗಳನ್ನೂ ಕೂಡಿಸಿ ಕಟ್ಟಿದ ತಂಡ ಪೆಗಾಸಸ್. ಹವ್ಯಾಸದ ಹಳೆಯ ಪಾವಿತ್ರ್ಯವನ್ನು ಮತ್ತೆ ಸ್ಥಾಪಿಸಬೇಕೆಂಬುದು ಅದರ ಹೆಗ್ಗುರಿ. ಪತ್ರಿಕೆಗಳು, ಗಣ್ಯರು, ರಾಜಧಾನಿಯ ಜನ ಎಲ್ಲರ ಪ್ರೀತಿ ಅದರ ಕಡೆಗೆ. ಆ ತಂಡದ ಡೊನಾಲ್ಡ್ ಕಾರ್ ಎಂಬಾತ ನಮಗೆ ಅಪರಿಚಿತನಲ್ಲ. ೧೯೫೨ರ ಫೆಬ್ರವರಿಯಲ್ಲಿ ಮದರಾಸಿನ ಟೆಸ್ಟಿನಲ್ಲಿ ಇಂಗ್ಲೆಂಡಿನ ನಾಯಕನಾಗಿ, ವಿನೂ ಮಂಕಡರ ಚೆಂಡಿಗೆ ತಲೆಬಾಗಿ, ಭಾರತದ ಮೊಟ್ಟಮೊದಲ ಟೆಸ್ಟ್ ಗೆಲುವಿಗೆ ಸಾಕ್ಷಿಯಾದವನು ಅವನೇ. ಅಂತೂ ೧೯೫೧ರ ಆ ವಸಂತದ ದಿನ ಒಂದು ಲಕ್ಷ ಜನರ ಮುಂದೆ ಒಂದು ಕಡೆ ಆಕ್ಸ್‌ಫರ್ಡ್-ಕೇಂಬ್ರಿಡ್ಜಿನ ಮಕ್ಕಳು. ಇನ್ನೊಂದು ಕಡೆ, ಎಪ್ಪತ್ತು ವರ್ಷದ ಹಿಂದೆ ಅದೇ ಆಕ್ಸ್‌ಫರ್ಡ್-ಕೇಂಬ್ರಿಡ್ಜಿನವರು ಒಂದು ಗಣಿಯೂರಿನಲ್ಲಿ ಬಿಟ್ಟುಹೋದ ಬಣ್ಣಗಳ ವಾರಸುದಾರರು. ಎರಡು ನೀಲಿಗಳಿಗೆ ನಿಜವಾದ ಹಕ್ಕು ಯಾರದು? ಪೆಗಾಸಸ್ ೨-೧ ಗೋಲುಗಳಿಂದ ಗೆದ್ದಿತು. ಅರಮನೆಯ ವಿದ್ಯಾರ್ಥಿಗಳ ಮೊಮ್ಮಕ್ಕಳು ಬಂದು ಕೊಟ್ಟದ್ದನ್ನು ಕಿತ್ತುಕೊಂಡಂತಾಯಿತು. ಆದರೆ ಪೆಗಾಸಸ್ಸಿಗೆ ಊರೆಂಬುದಿರಲಿಲ್ಲ. ಅದು ಹದಿನೈದು ವರ್ಷ ಬಾಳಿ, ೧೯೬೩ರಲ್ಲಿ ಯಾವ ಪೇಟೆಯ ಯಾವ ಅಂಗಡಿಯೂ ಬಾಗಿಲು ಮುಚ್ಚದಂತೆ ಇಲ್ಲವಾಯಿತು.

ಊರು ಎಂಬುದು ಎಂಥ ಬಲ ಎಂದು ೧೯೫೪ರಲ್ಲಿ ತಿಳಿಯಿತು. ಆ ವರ್ಷ ಅಂತಿಮ ಪಂದ್ಯ ಕ್ರೂಕಿನವರೊಡನೆ. ಐದು ಮೈಲಿ ಅಂತರದ ಎರಡು ಊರಿನವರು ತಮ್ಮ ವ್ಯಾಜ್ಯ ತೀರಿಸಿಕೊಳ್ಳಲು ಇನ್ನೂರೈವತ್ತು ಮೈಲಿ ದೂರದ ವೆಂಬ್ಲಿಗೆ ರೈಲುಗಳಲ್ಲಿ, ಬಸ್ಸುಗಳಲ್ಲಿ ಹೋದರು. ೨-೨. ತೀರ್ಮಾನವಾಗಲಿಲ್ಲ. ನ್ಯೂಕ್ಯಾಸಲಿನಲ್ಲಿ ಮರುಪಂದ್ಯ. ಮತ್ತೆ ೨-೨. ಮಿಡಲ್ಸ್‌ಬರೋದಲ್ಲಿ ಮೂರನೆಯದು, ಕ್ರೂಕ್ ೧-೦ ಗೋಲಿನಿಂದ ಗೆದ್ದಿತು. ಮೂರೂ ಪಂದ್ಯಗಳನ್ನು ಕಂಡವರ ಒಟ್ಟು ಎಣಿಕೆ ಎರಡು ಲಕ್ಷದ ಹತ್ತಿರ ಹತ್ತಿರ. ಎರಡೂರಿನ ಜನರನ್ನು, ತೊಟ್ಟಿಲ ಕೂಸುಗಳನ್ನೂ ಸೇರಿಸಿ, ಎಣಿಸಿದರೂ ಅದರ ಅರ್ಧವಾಗದು.

೧೯೪೬, ೧೯೫೦, ೧೯೫೧, ೧೯೫೪, ಹೀಗೆ ಯುದ್ಧಾನಂತರ ನಾಲ್ಕು ಸಲ ಅಂತಿಮ ಪಂದ್ಯಕ್ಕೆ ಬಂದು ನಾಲ್ಕು ಸಲವೂ ಸೋತವರು ಆಮೇಲೆ ಎದ್ದ ರೀತಿ ಅಪೂರ್ವ. ೧೯೫೫ರಲ್ಲಿ ಹೆಂಡನ್ನಿನ ಮೇಲೆ ೨-೦. ೧೯೫೬ರಲ್ಲಿ ಕೊರಿಂಥಿಯನ್-ಕ್ಯಾಶುವಲ್ಸ್ ಮೇಲೆ, ವೆಂಬ್ಲಿಯಲ್ಲಿ ಸಮವಾಗಿ, ಮರುಪಂದ್ಯದಲ್ಲಿ ೪-೧. ಗೃಹಸ್ಥರ ಹವ್ಯಾಸದ ಅತ್ಯಂತ ಹಳೆಯ ಹೆಸರು ಕೊರಿಂಥಿಯನ್ ಎಂಬುದನ್ನು ನೆನೆದರೆ ಐದು ವರ್ಷದ ಹಿಂದಿನ ಸಾಲ ಬಡ್ಡಿಸಹಿತ ತೀರಿತೆನ್ನಬೇಕು. ೧೯೫೭ರಲ್ಲಿ ವಿಕಂಬ್ ವಾಂಡರರ್ಸ್ ಮೇಲೆ ೩-೧. ಸಾಲಾಗಿ ಮೂರು ವರ್ಷ ಈ ಕಪ್ಪನ್ನು ಗೆದ್ದ ತಂಡ ಅದರ ಚರಿತ್ರೆಯಲ್ಲೇ ಇದೊಂದೇ. ೧೯೫೪-೫೫ರಲ್ಲಿಯಂತೂ ವೃತ್ತಿ ತಂಡಗಳ ದೊಡ್ಡ ಕಪ್ಪಿನಲ್ಲೂ ಇವರು ಲಂಡನ್ನಿಗೆ ಹೋಗಿ ಕ್ರಿಸ್ಟಲ್ ಪ್ಯಾಲೆಸನ್ನು ೪-೨ ಗೋಲುಗಳಿಂದ ಮಣಿಸಿದರು. ಎರಡನೆಯ ಡಿವಿಷನ್ನಿನ ಇಪ್ಸ್‌ವಿಚ್ಚನ್ನು ಅವರ ಊರಿನಲ್ಲಿ ೨-೨ ಗೋಲುಗಳಿಗೆ ತಡೆದು ತಮ್ಮ ಊರಿನಲ್ಲಿ ೩-೦ ಗೋಲುಗಳಿಂದ ಹೊಡೆದರು. ಕೊನೆಗೆ ಯಾರ್ಕ್ ಸಿಟಿಗೆ ಸೋತರು.

ಈ ತಂಡದ ಆಟಗಾರರು ಯ್ಯಾರ್‍ಯಾರೆಂದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗೋಲಿ ಹ್ಯಾರಿ ಶಾರಟ್ ಶಾಲೆಯ ಮೇಷ್ಟರು. ಹುಟ್ಟೂರು ಲಂಕಾಷೈರಿನ ವಿಗನ್. ಎದುರಾಳಿಗಳು ತನ್ನತ್ತ ಸುಳಿಯದ ಒಂದು ಚಳಿಗಾಲದ ಪಂದ್ಯದಲ್ಲಿ ಬೇಸರ ಕಳೆಯಲು ಗೋಲಿನ ಬಳಿ ಹಿಮದ ಬೊಂಬೆಯನ್ನು ಮಾಡುತ್ತ ನಿಂತು ರೆಫರಿಯಿಂದ ಬೈಸಿಕೊಂಡನೆಂದು ಜನ ಕಥೆ ಹೇಳುತ್ತಾರೆ. ಡೆರೆಕ್ ಲೆವಿನ್ ಮ್ಯಾಂಚೆಸ್ಟರ್ ಕಡೆಯ ವರ್ತಕ. ವಾರೆನ್ ಬ್ರಾಡ್ಲಿ ಚೆಷೈರಿನಲ್ಲಿ ಹುಟ್ಟಿ ಡರ್ಹಂ ವಿಶ್ವವಿದ್ಯಾನಿಲಯದಲ್ಲಿ ಓದಿದ ಉಪಾಧ್ಯಾಯ. ಶೇಮಸ್ ಓಕಾನೆಲ್ ಕಾರ್ಲೈಲಿನ ದನದ ವ್ಯಾಪಾರಿ. ಈ ಓಕಾನೆಲ್ಲನ ಸಾಹಸ ಹೇಳುವಂಥದು: ಹವ್ಯಾಸಿಯಾಗಿಯೇ ಲಂಡನ್ನಿನ ಚೆಲ್ಸಿಯ ಪರವಾಗಿಯೂ ಆಡಿದ. ೧೯೫೪ರ ಅಕ್ಟೋಬರಿನಲ್ಲಿ ಅಲ್ಲಿ ಮೊದಲ ಸಲ ಬಯಲಿಗಿಳಿದು ಮ್ಯಾಂಚೆಸ್ಟರ್ ಯುನೈಟೆಡ್ಡಿನ ವಿರುದ್ಧ ಮೂರು ಗೋಲು ಹೊಡೆದ. ಆದರೂ ಚೆಲ್ಸಿ ೫-೬ ಗೋಲುಗಳಿಂದ ಸೋತಿತು! ಆ ಋತು ಮುಗಿಯುವಾಗ ಚೆಲ್ಸಿ ಲೀಗಿನ ಚಾಂಪಿಯನ್, ಬಿಷಪ್ ಆಕ್ಲೆಂಡಿಗೆ ಅಮೆಚೂರ್ ಕಪ್ಪು. ಎರಡರಲ್ಲೂ ಓಕಾನೆಲ್ಲನಿಗೆ ಪಾಲು.

ಅಂದರೆ ಊರಿನ ತಂಡದಲ್ಲಿ ಊರಿನವರೇ ಕಡಿಮೆ. ಇದನ್ನು ಹಿಡಿದು ಅಂದೂ ಆಮೇಲೂ ಟೀಕಿಸಿದವರಿದ್ದಾರೆ. ದೂರದಿಂದ ಬರುವವರಿಗೆ ಪ್ರಯಾಣದ ಖರ್ಚು ಕೊಡುತ್ತಿದ್ದರು. ಖರ್ಚಿನ ಲೆಕ್ಕ ಧಾರಾಳವಾಗಿರುವುದೂ ಆ ಕಾಲದ ದೊಡ್ಡ ಹವ್ಯಾಸಿ ಸಂಘಗಳ ಸಾಮಾನ್ಯ ವಾಡಿಕೆ. ವೃತ್ತಿ ಆಟಗಾರನ ವಾರದ ಸಂಬಳಕ್ಕೆ ಅಸೋಸಿಯೇಷನ್ನೇ ಮಿತಿ ಕಟ್ಟಿದ್ದ ಕಾಲ ಅದು. ಐವತ್ತರ ದಶಕದ ನಡುವೆ ಆ ಮಿತಿ ೧೫ ಪೌಂಡು. ೧೯೫೮ರಲ್ಲಿ ೨೦ ಆಯಿತು. ಹೀಗಿರಲು ಮೇಷ್ಟರ ಸಂಬಳ, ವ್ಯಾಪಾರದ ಲಾಭ ಇವನ್ನು ಇಟ್ಟುಕೊಂಡು ಶನಿವಾರ ಆಡುವವನಿಗೆ ನಷ್ಟವೇನೂ ಇರಲಿಲ್ಲ. ಬಿಷಪ್ ಆಕ್ಲೆಂಡಿನ ಹಿರಿಮೆಗೆ ಆಟಗಾರರ ನಿಸ್ಸ್ವಾರ್ಥವೊಂದೇ ಕಾರಣವೆಂದು ನಾನು ನಂಬುವುದಿಲ್ಲ. ಆದರೆ ತಂಡ ಊರಿನದಲ್ಲವೆಂಬ ಟೀಕೆಯನ್ನೂ ಒಪ್ಪಲಾರೆ. ೧೯೫೨ರಲ್ಲಿ ಕೊವೆಂಟ್ರಿ ಬಂದಾಗ ಕಿಂಗ್ಸ್‌ವೇ ಬಯಲಿನಲ್ಲಿ ೧೭ ಸಾವಿರ ಜನ ಕಿಕ್ಕಿರಿದು ನಿಂತಿದ್ದರು. ಊರ ಹಬ್ಬದಲ್ಲಿ ವೇಷ ಕಟ್ಟಲು ಹೊರಗಿನವನು ಬಂದರೂ ಹಬ್ಬ ಊರಿನದೇ. ಹಣ ಕೂಡಿಸಿದವರು, ಅಂಗಿ ಒಗೆದವರು, ಸೋತ ರಾತ್ರಿ ಊಟ ಬಿಟ್ಟವರು ಯಾವ ಪಟ್ಟಿಯಲ್ಲೂ ಇಲ್ಲದ ನಿಜವಾದ ಹವ್ಯಾಸಿಗಳು. ಲ್ಯಾಟಿನ್ನಿನ ಮೂಲಾರ್ಥ ಸಲ್ಲುವುದು ಅವರಿಗೆ.

೧೯೫೮ರ ಫೆಬ್ರವರಿ ೬ರಂದು ಮ್ಯೂನಿಕ್ಕಿನ ವಿಮಾನ ಅಪಘಾತದಲ್ಲಿ ೨೩ ಜನ ತೀರಿಕೊಂಡರು; ಅವರಲ್ಲಿ ೮ ಮಂದಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಆಟಗಾರರು. ಬಸ್ಬಿ ಸಾವಿನ ಬಾಯಿಯಲ್ಲಿದ್ದರು. ಪಂದ್ಯಗಳು ನಿಲ್ಲುವಂತಿರಲಿಲ್ಲ, ಕಿರಿಯರನ್ನೆಲ್ಲ ಮುಂದಿನ ತಂಡಕ್ಕೆ ಏರಿಸಿದ್ದರಿಂದ ಎರಡನೆಯ ತಂಡಕ್ಕೆ ಜನವೇ ಇಲ್ಲ. ಆಗ ಹಣದ ಮಾತೆತ್ತದೆ ಮೂವರನ್ನು ಕಳುಹಿಸಿಕೊಟ್ಟದ್ದು ಬಿಷಪ್ ಆಕ್ಲೆಂಡ್: ಲೆವಿನ್, ಬ್ರಾಡ್ಲಿ, ಮತ್ತು ಹಾರ್ಡಿಸ್ಟಿ. ಹಾರ್ಡಿಸ್ಟಿಗೆ ಆಗ ೩೭ ವರ್ಷ. ಹಿಂದಿನ ವರ್ಷದ ವೆಂಬ್ಲಿಯ ಗೆಲುವಿನೊಡನೆ ಬೂಟು ಕಟ್ಟಿಟ್ಟಿದ್ದವನು, ಹಳೆಯ ಗೆಳೆಯನ ಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡಿದವನಂತೆ ಮತ್ತೆ ಬಯಲಿಗಿಳಿದ. ಹದಿನೇಳು ಹದಿನೆಂಟರ ಹುಡುಗರ ನಡುವೆ ನಿಂತು, ಇನ್ನೂ ಶೋಕದಲ್ಲಿದ್ದ ಆ ಸಂಘದ ಕಿರಿಯರಿಗೆ ಚೆಂಡು ಕೊಟ್ಟು ಆಡಿಸಿದ. ಬ್ರಾಡ್ಲಿ ಅಲ್ಲಿಯೇ ಉಳಿದ. ಮೇಷ್ಟರ ಕೆಲಸ ಬಿಡದೆ ಯುನೈಟೆಡ್ಡಿನ ಮೊದಲ ತಂಡದಲ್ಲಿ ಆಡಿ, ೧೯೫೯ರಲ್ಲಿ ಇಂಗ್ಲೆಂಡಿನ ಪೂರ್ಣ ತಂಡಕ್ಕೂ ಆಯ್ಕೆಯಾದ. ಒಂದೇ ಋತುವಿನಲ್ಲಿ ಹವ್ಯಾಸಿ ಇಂಗ್ಲೆಂಡಿನ ಅಂಗಿಯನ್ನೂ ಪೂರ್ಣ ಇಂಗ್ಲೆಂಡಿನ ಅಂಗಿಯನ್ನೂ ತೊಟ್ಟವನೆಂದು ಅವನ ಹೆಸರು ಉಳಿದಿದೆ.

ಅದರ ಮುಂದಿನದು ಇಳಿಜಾರು. ಬೇಗ ಹೇಳಿ ಮುಗಿಸಬಹುದು. ೧೯೬೧ರಲ್ಲಿ ಸಂಬಳದ ಮಿತಿ ರದ್ದಾಯಿತು. ಓದು ಬಲ್ಲ ಆಟಗಾರನೂ ವೃತ್ತಿಯತ್ತ ತಿರುಗಿದ. ಮನೆಗೆ ಟೆಲಿವಿಷನ್ ಬಂದಿತು. ಡರ್ಹಮ್ಮಿನ ಪಶ್ಚಿಮದ ಗಣಿಗಳು ಅರವತ್ತರ ದಶಕದಲ್ಲಿ ಒಂದೊಂದಾಗಿ ಮುಚ್ಚಿದವು. ಇನ್ನು ಮೇಲೆ ಹಣ ಹಾಕುವುದು ವ್ಯರ್ಥವೆಂದು ಜಿಲ್ಲಾಡಳಿತ ೧೯೫೧ರಲ್ಲಿಯೇ ನೂರಕ್ಕೂ ಹೆಚ್ಚು ಗಣಿಹಳ್ಳಿಗಳನ್ನು ‘ಡಿ’ ವರ್ಗಕ್ಕೆ ಸೇರಿಸಿಟ್ಟಿತ್ತು. ಹಳ್ಳಿಗೆ ಹಳ್ಳಿಯೇ ಬಾಡುವಾಗ ಆಟದ ತಂಡ ಎಲ್ಲಿಂದ ಚಿಗುರೀತು? ೧೯೭೪ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹವ್ಯಾಸಿ-ವೃತ್ತಿ ಎಂಬ ಭೇದವನ್ನೇ ಅಳಿಸಿ, ಎಲ್ಲರೂ ‘ಆಟಗಾರರು’ ಎಂದು ಸಾರಿತು. ಬೂಟಿನ ಹಣ ಬೆಳಕಿಗೆ ಬಂದಿತು. ಅಮೆಚೂರ್ ಕಪ್ಪು ಅದೇ ವರ್ಷ ಕೊನೆಗೊಂಡಿತು. ಕಟ್ಟಕಡೆಯ ಸಲ ಅದನ್ನು ಗೆದ್ದದ್ದು ಬಿಷಪ್ಸ್ ಸ್ಟಾರ್ಟ್‌ಫರ್ಡ್ ಎಂಬ ಬೇರೊಂದು ಊರು. ಹೆಸರಿನಲ್ಲಿ ಬಿಷಪ್ಪನಿದ್ದರೂ ನಮ್ಮ ಬಿಷಪ್ಪನಲ್ಲ.

ಕಿಂಗ್ಸ್‌ವೇ ಬಯಲು ಆರಂಭದಿಂದಲೂ ಕ್ರಿಕೆಟಿನವರೊಡನೆ ಹಂಚಿಕೊಂಡದ್ದು. ಒಂದು ಮಗ್ಗುಲು ಅವರ ಕಡೆಗೆ ತೆರೆದಿದ್ದುದರಿಂದ ಮೂರು ಕಡೆ ಮಾತ್ರ ಜನ ನಿಲ್ಲಬಹುದಾಗಿತ್ತು. ಹೊಸ ಕಾಲದ ಲೀಗಿನ ಕಟ್ಟಳೆಗಳಿಗೆ ಅದು ಒಗ್ಗದೆ ೨೦೦೧ರಲ್ಲಿ ಸಂಘ ಅಲ್ಲಿಂದ ಹೊರಬಿದ್ದಿತು. ಆಮೇಲೆ ಒಂಬತ್ತು ವರ್ಷ ಅದಕ್ಕೆ ಸ್ವಂತ ಬಯಲಿಲ್ಲ. ಅಮೆಚೂರ್ ಕಪ್ಪನ್ನು ಹತ್ತು ಸಲ ಗೆದ್ದವರು, ಒಂದು ಲಕ್ಷ ಜನರ ಮುಂದೆ ಆಡಿದವರು, ತಮ್ಮ ‘ತವರು ಪಂದ್ಯ’ಗಳನ್ನು ನೆರೆಯೂರುಗಳ ಬಯಲುಗಳಲ್ಲಿ ಬಾಡಿಗೆಗೆ ಆಡಿದರು. ೨೦೦೬ರಲ್ಲಿ ಮತ್ತೆ ತಮ್ಮ ಹಳೆಯ ನಾರ್ದರ್ನ್ ಲೀಗಿಗೆ ಇಳಿದು ಬಂದರು. ಹಿಂದೆ ೧೯ ಸಲ ಗೆದ್ದಿದ್ದ ಲೀಗು ಅದು. ಇಷ್ಟಾದರೂ ಸಂಘವನ್ನು ಮುಚ್ಚಲಿಲ್ಲ. ೨೦೧೦ರಲ್ಲಿ ಊರಿನ ಅಂಚಿನಲ್ಲಿ ಹೆರಿಟೇಜ್ ಪಾರ್ಕ್ ಎಂಬ ಹೊಸ ಬಯಲು ಸಿದ್ಧವಾಯಿತು. ಅಲ್ಲಿಗೆ ಮೊದಲ ಸಲ ಆಡಲಿಳಿದವರಲ್ಲಿ ಗಣಿಯವನೊಬ್ಬನೂ ಇರಲಿಲ್ಲ, ದೇವತಾಶಾಸ್ತ್ರದ ವಿದ್ಯಾರ್ಥಿಯೂ ಇರಲಿಲ್ಲ. ಅಂಗಿಯಲ್ಲಿ ಮಾತ್ರ ಎರಡೂ ನೀಲಿಗಳಿದ್ದವು.